ಮಳೆಗಾಲದ ಕ್ಯಾಂಪರ್ ವ್ಯಾನಿಗೆ ಎಂಥ ಟವೆಲು?

ಪ್ರಶ್ನೆ: ಆಗಸ್ಟಿನಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಬೆಂಗಳೂರಿನಿಂದ ಸಕಲೇಶಪುರ, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ ಮೇಲಿಂದ ಉಡುಪಿಗೆ ಇಳಿದು, ಮುರ್ಡೇಶ್ವರ, ಗೋಕರ್ಣ, ಕಾರವಾರದವರೆಗೆ 12 ದಿನ ಸುತ್ತುವ ಯೋಚನೆಯಿದೆ. ನಾವಿಬ್ಬರು, ಸೊಂಟದವರೆಗೆ ಕೂದಲಿರುವ ಮಗಳು, ಎಪ್ಪತ್ತು ದಾಟಿದ ಅತ್ತೆ, ಒಟ್ಟು ನಾಲ್ವರು. ಹಿಂದಿನ ಸಲ ಎರಡೇ ದಿನಕ್ಕೆ ಟವೆಲುಗಳೆಲ್ಲ ಮುಗ್ಗಲು ವಾಸನೆ ಹೊಡೆದವು. ಮೈಕ್ರೋಫೈಬರ್ ಕೊಳ್ಳಬೇಕೇ, ಹತ್ತಿಯೇ ಸಾಕೇ? ಎಷ್ಟು ಜಿಎಸ್‌ಎಂ? ಎಷ್ಟು ಟವೆಲು ಬೇಕು? ಅತ್ತೆಗೆ ಮಾತ್ರ ಮನೆಯ ಟರ್ಕಿ ಟವೆಲೇ ಆಗಬೇಕಂತೆ.

ಉತ್ತರ: ಪೊಟ್ಟಣದ ಮೇಲೆ ಎರಡು ಮಾತು ಜೊತೆಯಾಗಿ ಅಚ್ಚಾಗಿರುತ್ತವೆ: ಹೆಚ್ಚು ನೀರು ಹೀರುತ್ತದೆ, ಬೇಗ ಒಣಗುತ್ತದೆ. ಇವೆರಡೂ ಒಂದಕ್ಕೊಂದು ಎದುರು. ಎಷ್ಟು ನೀರು ಕುಡಿಯಿತೋ ಅಷ್ಟನ್ನೂ ಅದು ಗಾಳಿಗೆ ವಾಪಸು ಕೊಡಬೇಕು. ನೀವು ಹೋಗುವ ದಾರಿಯಲ್ಲಿ, ನೀವು ಹೋಗುವ ತಿಂಗಳಲ್ಲಿ, ಆ ನೀರನ್ನು ತೆಗೆದುಕೊಳ್ಳಲು ಗಾಳಿ ತಯಾರಿರುವುದಿಲ್ಲ. ಹಾಗಾಗಿ ನೀವು ಕೊಳ್ಳಬೇಕಾದದ್ದು ಹೆಚ್ಚು ಹೀರುವ ಟವೆಲನ್ನಲ್ಲ, ಚೆನ್ನಾಗಿ ಹಿಂಡಲು ಬರುವ ಟವೆಲನ್ನು. ಕೈಯಿಂದ ಹಿಂಡಿ ತೆಗೆದ ಪ್ರತಿ ಹನಿಯೂ ಗಾಳಿಯ ಮೇಲಿನ ಸಾಲವನ್ನು ಅಷ್ಟು ಇಳಿಸುತ್ತದೆ.

ಲೆಕ್ಕ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು ಹೆಚ್ಚೆಂದರೆ 23 ಗ್ರಾಂ ನೀರಾವಿ. ತೇವಾಂಶ ಶೇ. 90 ಇದ್ದರೆ 20.7 ಗ್ರಾಂ ಆಗಲೇ ತುಂಬಿರುತ್ತದೆ, ಉಳಿದ ಜಾಗ 2.3 ಗ್ರಾಂ. ಟೆಂಪೋ ಟ್ರಾವೆಲರ್ ಗಾತ್ರದ ವ್ಯಾನಿನ ಒಳಗೆ ಸುಮಾರು 15 ಘನ ಮೀಟರ್ ಗಾಳಿ ಎಂದುಕೊಳ್ಳಿ. ಕಿಟಕಿ ಮುಚ್ಚಿದರೆ ಇಡೀ ವ್ಯಾನಿನ ಗಾಳಿ ಹೀರಬಲ್ಲದ್ದು 35 ಗ್ರಾಂ, ಅಂದರೆ ಎರಡು ದೊಡ್ಡ ಚಮಚ ನೀರು. ಒಬ್ಬರು ಮೈ ಒರೆಸಿಕೊಂಡ ಟವೆಲಿನಲ್ಲಿ ಅದರ ಮೂರು ಪಟ್ಟಾದರೂ ಇರುತ್ತದೆ. ಸಾಲದ್ದಕ್ಕೆ ಮಲಗಿರುವ ನಾಲ್ವರ ಉಸಿರು ಮತ್ತು ಚರ್ಮದಿಂದ ಎಂಟು ಗಂಟೆಯಲ್ಲಿ ಸುಮಾರು ಒಂದು ಲೀಟರು ನೀರು ಅದೇ ಗಾಳಿಗೆ ಸೇರುತ್ತದೆ. ಆ 35 ಗ್ರಾಂ ಜಾಗ ತುಂಬಲು ನಿಮ್ಮ ಉಸಿರೊಂದಕ್ಕೇ ಕಾಲು ಗಂಟೆ ಸಾಕು. ಬೆಳಿಗ್ಗೆ ಗಾಜಿನ ಮೇಲೆ ಇಳಿಯುವ ನೀರು ಇದೇ. ಹಿಂದಿನ ಸಲ ನಿಮ್ಮ ಟವೆಲು ಒಣಗದೆ ಹೋದದ್ದು ಟವೆಲಿನ ತಪ್ಪಷ್ಟೇ ಅಲ್ಲ.

(ಇದೇ ಲೆಕ್ಕದಲ್ಲಿ, 10 ಡಿಗ್ರಿ ಚಳಿಯ, ಶೇ. 30 ತೇವಾಂಶದ ಲಡಾಖಿನ ಗಾಳಿಯಲ್ಲಿ ಘನ ಮೀಟರಿಗೆ ಆರೂವರೆ ಗ್ರಾಂ ಜಾಗ ಇರುತ್ತದೆ, ಆಗುಂಬೆಯ ಮಳೆಗಾಲದ ಮೂರು ಪಟ್ಟು ಹತ್ತಿರ. ಲೇಹ್‌ಗೆ ಹೋಗಿಬಂದವರು ಹೊಗಳುವ ಟವೆಲು ಮಲೆನಾಡಿನಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ.)

ಮನೆಯ ಟರ್ಕಿ ಟವೆಲಿನ ಕಷ್ಟ ಈಗ ಅರ್ಥವಾಗುತ್ತದೆ. 70×140 ಸೆಂ.ಮೀ. ಅಳತೆಯ, 500 ಜಿಎಸ್‌ಎಂ ಟವೆಲಿನ ತೂಕ ಸುಮಾರು 490 ಗ್ರಾಂ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಮೈಯಿಂದ ಅದಕ್ಕೆ 120 ಗ್ರಾಂ ನೀರು ಹೋಯಿತು ಎನ್ನೋಣ. ತನ್ನ ತೂಕದ ಕಾಲು ಭಾಗ ಮಾತ್ರ ನೀರಿರುವ ದಪ್ಪ ಬಟ್ಟೆಯನ್ನು ಎಷ್ಟು ತಿರುಚಿದರೂ ತೊಟ್ಟು ಬೀಳುವುದಿಲ್ಲ. ನೀರು ಕುಣಿಕೆಗಳ ಬುಡಕ್ಕೆ, ನೂಲಿನ ಒಳಕ್ಕೆ ಇಳಿದು ಕೂತಿರುತ್ತದೆ. ಆ 120 ಗ್ರಾಮನ್ನೂ ಗಾಳಿಯೇ ಒಯ್ಯಬೇಕು. ಅದೇ 120 ಗ್ರಾಂ ನೀರು 125 ಗ್ರಾಂ ತೂಕದ ತೆಳು ಬಟ್ಟೆಗೆ ಹೋದರೆ ಬಟ್ಟೆ ತೊಪ್ಪೆಯಾಗುತ್ತದೆ, ಮೈ ಪೂರ್ತಿ ಒರೆಸಲು ಆಗುವುದಿಲ್ಲ. ಆದರೆ ನಡುವೆ ಒಮ್ಮೆ ಹಿಂಡಬಹುದು, ಮತ್ತೆ ಒರೆಸಬಹುದು, ಕೊನೆಗೆ ಇನ್ನೊಮ್ಮೆ ಹಿಂಡಿ ಹರವಬಹುದು. ಊರಿನ ಹಿರಿಯರು ಕೆರೆ, ಹೊಳೆ, ಬಚ್ಚಲುಮನೆಯಲ್ಲಿ ಮಾಡುತ್ತಿದ್ದದ್ದು ಇದನ್ನೇ. ಕರಾವಳಿಯಲ್ಲಿ ಬೈರಾಸು, ಹಳೇ ಮೈಸೂರಿನ ಕಡೆ ಪಾಣಿಪಂಚೆ, ಕೇರಳದಲ್ಲಿ ತೋರ್ತು. ಮಳೆಯ ನಾಡುಗಳೆಲ್ಲ ತೆಳು ಬಟ್ಟೆಯನ್ನೇ ಹಿಡಿದದ್ದು ಬಡತನಕ್ಕಷ್ಟೇ ಅಲ್ಲ.

ಆದ್ದರಿಂದ ನಿಮ್ಮ ಮುಖ್ಯ ಟವೆಲು ತೆಳು ಹತ್ತಿಯದ್ದಾಗಲಿ: 75×150 ಸೆಂ.ಮೀ. ಆಸುಪಾಸು, ತೂಕ 120ರಿಂದ 150 ಗ್ರಾಂ. ಕೈಮಗ್ಗದ ತೆಳು ಟವೆಲುಗಳ ಮೇಲೆ ಜಿಎಸ್‌ಎಂ ಅಚ್ಚಾಗಿರುವುದು ಅಪರೂಪ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಉದ್ದ ಅಗಲ ಗುಣಿಸಿ ಭಾಗಿಸಿ. 0.75×1.5 ಅಂದರೆ 1.125 ಚದರ ಮೀಟರ್. 130 ಗ್ರಾಂ ತೂಗಿದರೆ 116 ಜಿಎಸ್‌ಎಂ ಆಯಿತು. ಬೆಳಕಿಗೆ ಹಿಡಿದಾಗ ನೇಯ್ಗೆಯ ನಡುವೆ ಬೆಳಕು ಚುಕ್ಕೆಚುಕ್ಕೆಯಾಗಿ ಕಾಣಬೇಕು. ಮುಟ್ಟಿದರೆ ಕಾಗದದಂತೆ ಗರಿಗರಿ ಇದೆಯೇ? ಅದು ಗಂಜಿ, ಹೆದರಬೇಡಿ. ನೂಲು ಬಿಗಿಯಾಗಿ ಹೊಸೆದದ್ದೋ ಸಡಿಲವೋ ನೋಡಿ. ಸಡಿಲ ಹೊಸೆತದ ನೂಲು ಬೇಗ ಹೀರುತ್ತದೆ. ಪಂಚೆಯಂತೆ ನುಣ್ಣಗೆ, ಒತ್ತಾಗಿ ನೇಯ್ದ ಬಟ್ಟೆ ತೆಳುವಾಗಿದ್ದರೂ ನೀರನ್ನು ಮೈಮೇಲೆ ತಳ್ಳಿಕೊಂಡು ಹೋಗುತ್ತದೆ.

ಇದಕ್ಕೂ ಟರ್ಕಿಗೂ ನಡುವಿನದು ಜೇನುಗೂಡು ನೇಯ್ಗೆಯ ಟವೆಲು. ಅಂಗಡಿಯಲ್ಲಿ ಹನಿಕೋಂಬ್ ಅಥವಾ ವಾಫಲ್ ಎಂದು ಕೇಳಿ. ಗುಳಿಗಳ ಅಂಚು ಮಾತ್ರ ಮೈಗೆ ತಾಗುತ್ತದೆ, ಗುಳಿಯೊಳಗೆ ಗಾಳಿ ಆಡುತ್ತದೆ. 200ರಿಂದ 250 ಜಿಎಸ್‌ಎಂನದು ಸಾಕು, 300 ದಾಟಿದರೆ ಟರ್ಕಿಯ ಗುಣಕ್ಕೇ ತಿರುಗುತ್ತದೆ. ಮೊದಲ ಒಗೆತಕ್ಕೆ ಚೆನ್ನಾಗಿ ಕುಗ್ಗುತ್ತದೆ, ಒಂದು ಅಳತೆ ದೊಡ್ಡದನ್ನೇ ತನ್ನಿ.

ಇನ್ನು ಮೈಕ್ರೋಫೈಬರ್. ಒಳ್ಳೆಯದು ನಿಜಕ್ಕೂ ಒಳ್ಳೆಯದು. ಪಾಲಿಯೆಸ್ಟರ್ ಎಳೆ ತನ್ನೊಳಗೆ ನೀರು ಬಿಟ್ಟುಕೊಳ್ಳುವುದೇ ಇಲ್ಲ ಎನ್ನಬಹುದು. ಸಾಧಾರಣ ಗಾಳಿಯಲ್ಲಿ ಅದು ಹಿಡಿದಿಡುವ ತೇವ ಶೇ. 0.4 ಮಾತ್ರ, ಹತ್ತಿಯದು ಶೇ. 8.5. ನೀರು ನಿಲ್ಲುವುದು ಎಳೆ ಎಳೆಗಳ ನಡುವಿನ ಸಂದಿಯಲ್ಲಿ, ಹಿಂಡಿದರೆ ಬಹುಪಾಲು ಇಳಿದುಹೋಗುತ್ತದೆ. ಸೀಳಿದ ಎಳೆಯದ್ದೇ ಬೇಕು, ಅಂದರೆ ಒಂದೊಂದು ಎಳೆಯನ್ನೂ ಇನ್ನೂ ಸಣ್ಣ ಎಳೆಗಳಾಗಿ ಸೀಳಿರಬೇಕು. ಪಟ್ಟಿಯಲ್ಲಿ ಪಾಲಿಯೆಸ್ಟರ್ 80, ಪಾಲಿಅಮೈಡ್ (ನೈಲಾನ್) 20 ಎಂದೋ 70–30 ಎಂದೋ ಇರಲಿ. ಶೇ. 100 ಪಾಲಿಯೆಸ್ಟರ್ ಎಂದಿದ್ದರೆ ಸಾಮಾನ್ಯವಾಗಿ ಸೀಳದ ಎಳೆ. ಮೇಜಿನ ಮೇಲೆ ಒಂದು ಚಮಚ ನೀರು ಚೆಲ್ಲಿ ಒಂದೇ ಎಳೆತಕ್ಕೆ ಒರೆಸಿ: ಸೀಳಿದ ಎಳೆ ಕುಡಿಯುತ್ತದೆ, ಸೀಳದ್ದು ನೀರನ್ನು ಆಚೆ ತಳ್ಳುತ್ತದೆ. ಒರಟು ಅಂಗೈಯ ಮೇಲೆ ಎಳೆದರೆ ಸೀಳಿದ್ದು ಚಿಕ್ಕ ಮುಳ್ಳಿನಂತೆ ಕಚ್ಚುತ್ತದೆ. ಆ ಕಚ್ಚುವಿಕೆಯೇ ಅನೇಕರಿಗೆ ಆಗಿಬರುವುದಿಲ್ಲ, ಅದರಲ್ಲೂ ಒಣ ಚರ್ಮದ ಹಿರಿಯರಿಗೆ. ಮೇಲೆ ಕೆಳಗೆ ಉಜ್ಜದೆ ಒತ್ತಿ ಒತ್ತಿ ಒರೆಸಿಕೊಂಡರೆ ಕಿರಿಕಿರಿ ಕಡಿಮೆ.

ಮೈಕ್ರೋಫೈಬರಿನ ದೊಡ್ಡ ಕೊರತೆ ಎಣ್ಣೆ. ನೀರು ಒಲ್ಲದ ಪಾಲಿಯೆಸ್ಟರ್ ಎಣ್ಣೆಯನ್ನು ಪ್ರೀತಿಯಿಂದ ಅಪ್ಪಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆ, ಎಣ್ಣೆಸ್ನಾನದ ಮೈ ಒರೆಸಿದರೆ ಎಣ್ಣೆ ಸಂದಿಗಳಲ್ಲಿ ಕೂತು, ಹೀರುವುದೂ ಕುಂದುತ್ತದೆ, ವಾಸನೆಯೂ ಹುಟ್ಟುತ್ತದೆ, ತಣ್ಣೀರಿನ ಒಗೆತಕ್ಕೆ ಅದು ಬಿಡುವುದಿಲ್ಲ. ಎಣ್ಣೆಗೆ ಹಳೆಯ ಹತ್ತಿ ಬಟ್ಟೆಯೇ ಸರಿ.

ಬಿದಿರಿನ ಟವೆಲು ಎಂದು ಮಾರುವುದು ಬಹುಮಟ್ಟಿಗೆ ಬಿದಿರಿನ ತಿರುಳನ್ನು ರಾಸಾಯನಿಕವಾಗಿ ಕರಗಿಸಿ ಎಳೆ ತೆಗೆದ ವಿಸ್ಕೋಸ್. ಮೆತ್ತಗಿದೆ, ಹತ್ತಿಗಿಂತ ಹೆಚ್ಚು ನೀರು ಹಿಡಿಯುತ್ತದೆ, ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹಿಂಡುವ ಕೆಲಸಕ್ಕೆ ಅದು ತಕ್ಕದ್ದಲ್ಲ. ಈಜುಗಾರರು ಬಳಸುವ, ಪಿವಿಎ ಎಂಬ ಸ್ಪಂಜಿನಂಥ ಬಟ್ಟೆ ಹಿಂಡಿದ ಕೂಡಲೆ ಮತ್ತೆ ಹೀರುತ್ತದೆ, ಆದರೆ ಒಣಗಿದರೆ ಹಪ್ಪಳ, ಒದ್ದೆಯಾಗಿಟ್ಟರೆ ಬೂಷ್ಟು. ಮೈಗೆ ಬೇಡ, ಗಾಜಿಗೆ ಒಂದು ಇರಲಿ, ಅದರ ಮಾತು ಕೆಳಗಿದೆ. ‘ಬ್ಯಾಕ್ಟೀರಿಯಾ ನಿರೋಧಕ’, ‘ಬೆಳ್ಳಿಯ ಲೇಪ’ ಎಂಬ ಪಟ್ಟಿಗಳಿಗೆ ಹೆಚ್ಚು ದುಡ್ಡು ಕೊಡಬೇಡಿ. ದಿನವಿಡೀ ಒದ್ದೆಯಾಗಿ ಕೂತ ಬಟ್ಟೆಯನ್ನು ಲೇಪ ಕಾಯುವುದಿಲ್ಲ.

ನಿಮ್ಮ ನಾಲ್ವರಿಗೆ ಎಷ್ಟು? ತೆಳು ಹತ್ತಿಯವು ತಲಾ ಎರಡು, ಒಟ್ಟು ಎಂಟು. ಒಂದು ಬಳಕೆಯಲ್ಲಿದ್ದರೆ ಇನ್ನೊಂದು ದಾರದ ಮೇಲೆ. ಎಂಟೂ ಸೇರಿ ಒಂದು ಕಿಲೋ ಚಿಲ್ಲರೆ, ನಾಲ್ಕು ಟರ್ಕಿ ಟವೆಲಿನ ಅರ್ಧ ತೂಕ. ಕೊನೆಯ ಪಸೆ ತೆಗೆಯಲು ತಲಾ ಒಂದು ಚಿಕ್ಕ ಜೇನುಗೂಡು ಟವೆಲು, 40×70 ಸೆಂ.ಮೀ. ಮಗಳ ಕೂದಲಿಗೆ 50×80ರ ಕುಣಿಕೆಯುಳ್ಳ ಮೈಕ್ರೋಫೈಬರ್ ಎರಡು. ಕಾಲೊರೆಸಲು ಹಳೆಯ ಬಟ್ಟೆ ಎರಡು. ಬಣ್ಣದಿಂದ ಯಾರದು ಯಾವುದೆಂದು ಗುರುತಾಗಲಿ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ, ಹುಳುಕಡ್ಡಿ ಮತ್ತು ಮದ್ರಾಸ್ ಐ ಎರಡೂ ಒದ್ದೆ ಟವೆಲು ಹಂಚಿಕೊಳ್ಳುವುದರಿಂದ ಹರಡುತ್ತವೆ.

ಹೊರಡುವ ವಾರಕ್ಕೆ ಮೊದಲೇ ಹೊಸ ಟವೆಲುಗಳನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಮನೆಯಲ್ಲಿ ಹಾಕುವುದರ ಅರ್ಧ ಪುಡಿ ಹಾಕಿ ಎರಡು ಸಲ ಒಗೆಯಿರಿ. ಗಂಜಿ, ಕಾರ್ಖಾನೆಯಲ್ಲಿ ನಯಕ್ಕೆಂದು ಹಾಕಿದ ಸಿಲಿಕೋನ್ ಇಳಿಯಬೇಕು. ಕೆಂಪು, ಕಂದು ಅಂಚಿನವನ್ನು ನೀರು ತಿಳಿಯಾಗುವವರೆಗೆ ಬೇರೆಯಾಗಿಯೇ ಒಗೆಯಿರಿ. ಫ್ಯಾಬ್ರಿಕ್ ಕಂಡಿಷನರ್ ಯಾವುದಕ್ಕೂ ಬೇಡ: ಅದು ಎಳೆಗಳ ಮೇಲೆ ಜಿಡ್ಡಿನ ಪೊರೆ ಬಿಡುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಎರಡು ಮೂರು ಸೆಕೆಂಡಿನಲ್ಲಿ ಇಂಗಿದರೆ ಸಿದ್ಧ, ಮುತ್ತಿನಂತೆ ನಿಂತರೆ ಇನ್ನೊಂದು ಒಗೆತ.

ಅಡುಗೆಮನೆಯ ತಕ್ಕಡಿ ಇದ್ದರೆ ಇನ್ನೂ ಒಂದು ಪರೀಕ್ಷೆ. ಒಣ ಟವೆಲನ್ನು ತೂಗಿ, ನೀರಲ್ಲಿ ಅದ್ದಿ, ಕೈಲಾದಷ್ಟು ಹಿಂಡಿ ಮತ್ತೆ ತೂಗಿ. ಎಷ್ಟು ಹಿಂಡಿದರೂ ಹತ್ತಿಯಲ್ಲಿ ಒಂದಷ್ಟು ನೀರು ಉಳಿಯುತ್ತದೆ. ಹೆಚ್ಚಿದ ತೂಕ 150 ಗ್ರಾಂ ಒಳಗಿದ್ದರೆ ಮಳೆಗಾಲದ ವ್ಯಾನಿಗೆ ಆದೀತು, 250 ದಾಟಿದ್ದನ್ನು ಮನೆಯಲ್ಲೇ ಬಿಡಿ. ಈ ಅಂಕಿ ಅಂಗಡಿಯವರು ಹೇಳುವ ಯಾವ ಮಾತಿಗಿಂತಲೂ ನಂಬಿಕೆಗೆ ಯೋಗ್ಯ.

ಒರೆಸುವ ಕ್ರಮವೂ ಬದಲಾಗಬೇಕು. ಸ್ನಾನ ಮುಗಿದ ಕೂಡಲೆ ಟವೆಲಿಗೆ ಕೈ ಹಾಕಬೇಡಿ. ಮೊದಲು ಅಂಗೈಯಿಂದ ತೋಳು, ಎದೆ, ಕಾಲುಗಳ ನೀರನ್ನು ಮೇಲಿಂದ ಕೆಳಗೆ ಬಳಿದು ಜಾರಿಸಿ. ಆಮೇಲೆ ತೆಳು ಟವೆಲಿನಿಂದ ಒರೆಸಿ, ಬಚ್ಚಲಲ್ಲೇ ಹಿಂಡಿ, ಮತ್ತೊಮ್ಮೆ ಒರೆಸಿ. ಕೊನೆಗೆ ಚಿಕ್ಕ ಟವೆಲಿನಿಂದ ಕಂಕುಳು, ಕಾಲ್ಬೆರಳ ಸಂದಿಗಳನ್ನು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ತುರಿಕೆ ಹುಟ್ಟುವುದೇ ಅಲ್ಲಿ. ಮಗಳ ಕೂದಲನ್ನು ಮೊದಲು ಕೈಯಿಂದ ಹಿಂಡಿ, ತೆಳು ಬಟ್ಟೆ ಸುತ್ತಿ ತಿರುಚಿ ತುರುಬಿನಂತೆ ಕಟ್ಟಿ ಹತ್ತು ನಿಮಿಷ ಬಿಡಿ. ಆ ಬಟ್ಟೆಯನ್ನು ಹಿಂಡಿದ ಮೇಲೆ ಮೈಕ್ರೋಫೈಬರ್ ಸುತ್ತಿ. ಮೊದಲೇ ಮೈಕ್ರೋಫೈಬರ್ ಸುತ್ತಿದರೆ ಅದು ತುಂಬಿ ಕೂತು ಮುಂದಿನ ಕೆಲಸಕ್ಕೆ ಬರುವುದಿಲ್ಲ.

ಒಣಗಿಸುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುವುದು ಸ್ನಾನದ ಹೊತ್ತು. ರಾತ್ರಿ ಮಿಂದು ಮಲಗಿದರೆ ಟವೆಲು ನಾಲ್ವರ ಉಸಿರಿನ ನಡುವೆ ನೇತಾಡಬೇಕು. ಬೆಳಿಗ್ಗೆ ಹೊರಡುವ ಮುಂಚೆ ಮೀಯಿರಿ, ಆಮೇಲೆ ಏಸಿ ಹಾಕಿ ಗಾಡಿ ಓಡಿಸಿ. ಏಸಿ ಗಾಳಿಯನ್ನು ತಂಪು ಮಾಡುವಾಗ ಅದರ ನೀರು ಸುರುಳಿಯ ಮೇಲೆ ಇಳಿದು ಗಾಡಿಯ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ವ್ಯಾನಿನ ಒಳಗೆ 24 ಡಿಗ್ರಿ, ಶೇ. 50 ತೇವಾಂಶ ಇದ್ದರೆ ಘನ ಮೀಟರಿಗೆ 11 ಗ್ರಾಂ ಹತ್ತಿರ ಜಾಗ ಸಿಗುತ್ತದೆ, ಹೊರಗಿನ ಮಳೆಗಾಳಿಗಿಂತ ಐದು ಪಟ್ಟು ಹತ್ತಿರ. ಹಿಂಡಿದ ತೆಳು ಟವೆಲಿಗೆ ಶೃಂಗೇರಿಯಿಂದ ಉಡುಪಿಯವರೆಗಿನ ಘಾಟಿ ಪ್ರಯಾಣ ಸಾಮಾನ್ಯವಾಗಿ ಸಾಕು, ಹಿಂದಿನ ಆಸನಗಳವರೆಗೆ ಏಸಿ ಗಾಳಿ ತಲುಪುವ ಹಾಗಿದ್ದರೆ. ಚಾಲಕರ ಹಿಂಬದಿಯ ನೋಟಕ್ಕೆ, ಪಕ್ಕದ ಕನ್ನಡಿಗೆ ಅಡ್ಡ ಬಾರದ ಕಡೆ ಕಟ್ಟಿ.

ದಾರ ಒಂದಲ್ಲ, ಎರಡು ಕಟ್ಟಿ, ಒಂದು ಗೇಣು ಅಂತರದಲ್ಲಿ, ಸಮಾನಾಂತರವಾಗಿ. ಟವೆಲನ್ನು ಎರಡರ ಮೇಲೂ ಹಾದು ಹೋಗುವಂತೆ ಹಾಕಿದರೆ ಎರಡು ಮಡಿಕೆ ಒಂದಕ್ಕೊಂದು ಅಂಟದೆ ನಡುವೆ ಗಾಳಿ ಓಡುತ್ತದೆ. ಮೂಲೆಯ ಕುಣಿಕೆಯಿಂದ ಮೊಳೆಗೆ ನೇತುಹಾಕುವುದು ಅತಿ ಕೆಟ್ಟ ವಿಧಾನ: ಬಟ್ಟೆ ಎಂಟು ಮಡಿಕೆಯಾಗಿ ಜೋತು, ನೀರೆಲ್ಲ ಕೆಳಗಿನ ತುದಿಗೆ ಇಳಿದು ಅಲ್ಲೇ ಕೊಳೆಯುತ್ತದೆ. ವ್ಯಾನ್ ನಿಂತಿದ್ದಾಗ ಛಾವಣಿಯ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುವಂತಿರಲಿ. ಅದರಿಂದ ದೂರದ ಒಂದು ಕಿಟಕಿಯನ್ನು ಎರಡು ಬೆರಳು ತೆರೆದು, ಟವೆಲನ್ನು ಆ ಕಿಟಕಿಗೂ ಫ್ಯಾನಿಗೂ ನಡುವೆ ಕಟ್ಟಿ. 15 ವಾಟಿನ 12 ವೋಲ್ಟ್ ಫ್ಯಾನ್ ಎಂಟು ಗಂಟೆ ತಿರುಗಿದರೆ ಬ್ಯಾಟರಿಯಿಂದ ಹೋಗುವುದು 10 ಆಂಪಿಯರ್ ಗಂಟೆ. 100 ಆಂಪಿಯರ್ ಗಂಟೆಯ ಬ್ಯಾಟರಿಗೆ ಇದು ಭಾರವಲ್ಲ.

ಗ್ಯಾಸ್ ಒಲೆ ಹಚ್ಚಿ ಟವೆಲು ಒಣಗಿಸುವ ಯೋಚನೆ ಮಳೆ ಹಿಡಿದ ಮೂರನೇ ದಿನ ಯಾರಿಗಾದರೂ ಬರುತ್ತದೆ. ಬೇಡವೇ ಬೇಡ. ಬೆಂಕಿಯ ಭಯ, ಮುಚ್ಚಿದ ವ್ಯಾನಿನಲ್ಲಿ ಕಾರ್ಬನ್ ಮೊನಾಕ್ಸೈಡಿನ ಭಯ. ಅದರ ಜೊತೆಗೆ ಒಂದು ಕಿಲೋ ಎಲ್‌ಪಿಜಿ ಉರಿದಾಗ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಬಟ್ಟೆ ಒಣಗಿಸಲು ಹೋಗಿ ವ್ಯಾನಿಗೇ ನೀರು ಹಾಕಿದಂತೆ. ಬದಲಿಗೆ ಊರಿನ ಇಸ್ತ್ರಿ ಅಂಗಡಿ ಹುಡುಕಿ. ಅರೆ ಒಣಗಿದ ಹತ್ತಿ ಟವೆಲನ್ನು ಕೊಟ್ಟರೆ ಕಾದ ಇಸ್ತ್ರಿಪೆಟ್ಟಿಗೆ ಉಳಿದ ಪಸೆಯನ್ನೂ ವಾಸನೆಯ ಕಾರಣವನ್ನೂ ಒಟ್ಟಿಗೆ ತೆಗೆಯುತ್ತದೆ. ಮೈಕ್ರೋಫೈಬರ್ ಮಾತ್ರ ಆ ಕಟ್ಟಿನಲ್ಲಿ ಸೇರದಂತೆ ನೋಡಿಕೊಳ್ಳಿ, ಕರಗಿ ಪೆಟ್ಟಿಗೆಗೆ ಅಂಟುತ್ತದೆ.

ಕರಾವಳಿಗೆ ಇಳಿದ ಮೇಲೆ ಹೊಸದೊಂದು ತೊಡಕು. ಆಗಸ್ಟಿನ ಕಡಲಿಗೆ ಇಳಿಯುವ ಹಾಗಿಲ್ಲ, ಆದರೂ ಗೋಕರ್ಣದಲ್ಲಿ ದಡಕ್ಕೆ ಹೋದವರ ಕಾಲು, ಬಟ್ಟೆ ಉಪ್ಪುನೀರಿಗೆ ನೆನೆಯದೆ ಇರುವುದಿಲ್ಲ. ಉಪ್ಪುನೀರು ಒರೆಸಿದ ಟವೆಲು ಒಣಗಿದಂತೆ ಕಂಡು ಸಂಜೆಗೆ ಮತ್ತೆ ಜಿಗುಟಾಗುತ್ತದೆ. ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪೇ ಗಾಳಿಯ ನೀರು ಹೀರಿ ಕರಗುತ್ತದೆ, ಕಡಲ ಉಪ್ಪಿನಲ್ಲಿರುವ ಮೆಗ್ನೀಷಿಯಂ ಲವಣಗಳು ಇನ್ನೂ ಮುಂಚೆಯೇ. ಮಳೆಗಾಲದ ಕರಾವಳಿಯಲ್ಲಿ ತೇವಾಂಶ ಅದಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಆ ಟವೆಲನ್ನು ಎರಡು ಸಲ ಸಿಹಿನೀರಿನಲ್ಲಿ ಜಾಲಿಸದೆ ದಾರಕ್ಕೆ ಹಾಕುವುದು ವ್ಯರ್ಥ. ಬೆವರಿನ ಉಪ್ಪಿಗೂ ಇದೇ ಮಾತು.

ಮುಗ್ಗಲು ವಾಸನೆ ಬಂದೇಬಿಟ್ಟರೆ ಏನು ಮಾಡುವುದು? ಬಟ್ಟೆಯ ಈ ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಆಸ್ಲೊಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ತಣ್ಣೀರಿನಲ್ಲಿ ಒಗೆದರೆ ಅದು ಪೂರ್ತಿ ಹೋಗುವುದಿಲ್ಲ, ಅದಕ್ಕೇ ಒಗೆದ ಟವೆಲು ಮತ್ತೆ ಒದ್ದೆಯಾದ ಕೂಡಲೆ ನಾರುತ್ತದೆ. ಸುಗಂಧದ ದ್ರವ ಸುರಿದು ಪ್ರಯೋಜನವಿಲ್ಲ. ಹತ್ತಿಯಾದರೆ ವಾಷಿಂಗ್ ಸೋಡ ಹಾಕಿ ಹತ್ತು ನಿಮಿಷ ಕುದಿಸಿ. ಮೈಕ್ರೋಫೈಬರನ್ನು ಕುದಿಸಬೇಡಿ: 50ರಿಂದ 60 ಡಿಗ್ರಿಯ ಐದು ಲೀಟರು ನೀರಿಗೆ ಒಂದು ದೊಡ್ಡ ಚಮಚ ಸೋಡಿಯಂ ಪರ್ಕಾರ್ಬೊನೇಟ್ ಪುಡಿ, ಅಂದರೆ ಆಕ್ಸಿಜನ್ ಬ್ಲೀಚ್, ಹಾಕಿ ಒಂದು ಗಂಟೆ ನೆನೆಸಿ ಜಾಲಿಸಿ. ಕ್ಲೋರಿನ್ ಬ್ಲೀಚ್ ಅದರ ಪಾಲಿಅಮೈಡನ್ನು ಹಾಳು ಮಾಡುತ್ತದೆ. ಕ್ಲೋರಿನ್ ಬ್ಲೀಚಿಗೆ ವಿನೆಗರ್ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ವ್ಯಾನಿನಲ್ಲಿ ನೀರು ಕಡಿಮೆ ಎಂದು ಸೋಪಿನ ಪುಡಿಯನ್ನು ಸರಿಯಾಗಿ ಜಾಲಿಸದೆ ಬಿಡುವುದೂ ವಾಸನೆಗೆ ದಾರಿ. ಜಾಲಿಸಲು ನೀರಿಲ್ಲದ ದಿನ ಒಗೆಯಲೇಬೇಡಿ. ಒದ್ದೆ ಟವೆಲನ್ನು ಪ್ಲಾಸ್ಟಿಕ್ ಕವರಿಗೆ ತುರುಕುವ ಬದಲು ಈರುಳ್ಳಿ ತುಂಬುವ ಜಾಳಿಗೆ ಚೀಲಕ್ಕೆ ಹಾಕಿ ತೂಗುಬಿಡಿ.

ಪಿವಿಎ ಬಟ್ಟೆಯ ಮಾತು. ಬೆಳಿಗ್ಗೆ ಎದ್ದ ಕೂಡಲೆ ಗಾಜು, ಕಿಟಕಿಯ ಲೋಹದ ಚೌಕಟ್ಟು, ಬಚ್ಚಲಿನ ಗೋಡೆಗಳ ನೀರನ್ನು ಅದರಿಂದ ಒರೆಸಿ ಹೊರಗೆ ಹಿಂಡಿ. ಅಲ್ಲೇ ಬಿಟ್ಟರೆ ಆ ನೀರು ಮತ್ತೆ ಆವಿಯಾಗಿ ನಿಮ್ಮ ಟವೆಲಿನ ಪಾಲಿನ ಜಾಗವನ್ನು ತಿನ್ನುತ್ತದೆ.

ಅತ್ತೆಯವರ ಟರ್ಕಿ ಟವೆಲಿಗೆ ಬರೋಣ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ವಯಸ್ಸಾದ ಚರ್ಮಕ್ಕೆ ಒರಟು ಬಟ್ಟೆ ಹಿತವಲ್ಲ, ಮಲೆನಾಡಿನ ಬೆಳಗಿನ ಥಂಡಿಯಲ್ಲಿ ಒದ್ದೆ ತೆಳು ಬಟ್ಟೆ ಸುತ್ತಿ ನಿಲ್ಲಲೂ ಆಗುವುದಿಲ್ಲ. 60×120 ಅಳತೆಯ, 350 ಜಿಎಸ್‌ಎಂ ದಾಟದ ಒಂದು ಟರ್ಕಿ ಟವೆಲು ತನ್ನಿ, ತೂಕ 250 ಗ್ರಾಂ ಬಂದೀತು. ಅವರೂ ಮೊದಲು ತೆಳು ಟವೆಲಿನಿಂದ ನೀರು ತೆಗೆದುಕೊಂಡು, ಆಮೇಲೆ ಇದನ್ನು ಹೊದ್ದುಕೊಳ್ಳಲಿ. ಹಾಗೆ ಬಳಸಿದ ಟರ್ಕಿ ಟವೆಲಿಗೆ ಹೋಗುವ ನೀರು 20–30 ಗ್ರಾಂ ಅಷ್ಟೆ. ಅದನ್ನು ಮುಂದಿನ ಆಸನದ ಬೆನ್ನಿಗೆ ಹರವಿ, ಏಸಿ ಗಾಳಿ ನೇರ ಬೀಳುವ ಹಾಗೆ. ಮಧ್ಯಾಹ್ನದ ಊಟಕ್ಕೆ ಗಾಡಿ ನಿಲ್ಲಿಸುವಷ್ಟರಲ್ಲಿ ಮಡಚಿಡಬಹುದು.